ಬೂದಿ ನೀರು, ಇದ್ದಿಲು ಮತ್ತು ನಮ್ಮ ಕೆರೆಗಳು

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಒಲೆಗಳಲ್ಲಿ ಕೊನೆಗೆ ಉಳಿಯುವುದು ಎರಡೇ: ಇದ್ದಿಲು, ಬೂದಿ. ಒಂದರಿಂದ ಹಲ್ಲುಜ್ಜಿ, ಇನ್ನೊಂದರಿಂದ ಪಾತ್ರೆ ತಿಕ್ಕಿದವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಬೂದಿಯ ಸಾರದಿಂದಲೇ ಇದ್ದಿಲನ್ನು ನೀರು ಸೋಸುವ 'ಸಕ್ರಿಯ ಇದ್ದಿಲು' ಮಾಡಬಹುದು ಎಂಬ ತಿಳಿವಳಿಕೆ ಮಾತ್ರ ಬಹಳ ನಿಧಾನವಾಗಿ ಬಂತು.

ಬೂದಿಯ ವಿದ್ಯೆ ನಮಗೆ ಹೊಸದಲ್ಲ. ಗಿಡ ಸುಟ್ಟು, ಬೂದಿಯನ್ನು ನೀರಲ್ಲಿ ಕದಡಿ, ಸೋಸಿ, ಕುದಿಸಿ ಕ್ಷಾರ ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ವಿವರವಾಗಿ ಹೇಳುತ್ತದೆ. ಸಸ್ಯದ ಬೂದಿಯಿಂದ ನೀರಿಗಿಳಿಯುವ ಕ್ಷಾರದಲ್ಲಿ ಮುಖ್ಯವಾದದ್ದು ಪೊಟ್ಯಾಸಿಯಂ ಕಾರ್ಬೊನೇಟ್. ಇದ್ದಿಲಿನ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಅದು ದ್ರವಗಳ ಬಣ್ಣ ಹೀರುತ್ತದೆ ಎಂದು 1785ರಲ್ಲಿ ರಷ್ಯಾದಲ್ಲಿ ಲೋವಿಟ್ಜ್ ಎಂಬ ರಸಾಯನಜ್ಞ ಕಂಡುಕೊಂಡ. ಹಬೆಯಿಂದಲೂ ಲವಣಗಳಿಂದಲೂ ಅದರ ರಂಧ್ರ ತೆರೆಯುವ ವಿಧಾನಗಳಿಗೆ 1900ರ ಆಸುಪಾಸಿನಲ್ಲಿ ಒಸ್ಟ್ರೆಯ್ಕೊ ಎಂಬಾತ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದ ವಿಷಾನಿಲ ಅದನ್ನು ಸೈನಿಕರ ಮುಖವಾಡದೊಳಗೆ ತಂದಿತು.

ಎರಡು ಕಥೆಗಳು ಕೂಡಿದ್ದು ಪೊಟ್ಯಾಸಿಯಂನಲ್ಲಿ. 1978ರ ಅಮೆರಿಕದ ಪೇಟೆಂಟೊಂದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿ, ಒಂದು ಗ್ರಾಂ ಇದ್ದಿಲಿನಲ್ಲಿ ಸುಮಾರು 3000 ಚದರ ಮೀಟರ್ ಒಳಮೈ ಬಿಡಿಸುವ ದಾರಿ ತೋರಿಸಿತು. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 30 ಗುಂಟೆ! ಆದರೆ ಆ ರಾಸಾಯನಿಕ ಕೈಯನ್ನೂ ಸುಡುತ್ತದೆ, ಪಾತ್ರೆಯನ್ನೂ ತಿನ್ನುತ್ತದೆ. ಅದಕ್ಕಿಂತ ಸೌಮ್ಯವಾದ ಪೊಟ್ಯಾಸಿಯಂ ಕಾರ್ಬೊನೇಟ್ ಕೂಡ ಇದೇ ಕೆಲಸ ಮಾಡುತ್ತದೆ. ಗಾಳಿ ತಾಗದಂತೆ 800 ಡಿಗ್ರಿಯ ಆಸುಪಾಸಿಗೆ ಕಾಯಿಸಿದಾಗ ಅದು ಇಂಗಾಲವನ್ನು ಕೊರೆಯುತ್ತದೆ, ಪೊಟ್ಯಾಸಿಯಂ ಅದರ ಪದರಗಳ ನಡುವೆ ನುಗ್ಗಿ ರಂಧ್ರ ಬಿಡಿಸುತ್ತದೆ. ಗಾಳಿ ತಾಗಿದರೆ ಇದ್ದಿಲೇ ಬೂದಿ.

ಎಲ್ಲ ಬೂದಿಯೂ ಇದಕ್ಕೆ ಒದಗುವುದಿಲ್ಲ. ಭತ್ತದ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರಿಂದ ಸಿಲಿಕಾವನ್ನೇ ತೆಗೆಯುವ ತಂತ್ರ ರೂಪಿಸಿತು. ಬಾಳೆ ದಿಂಡು, ಕಾಫಿ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚು. ಒಣ ಬೂದಿಯನ್ನು ಹಾಗೇ ಬೆರೆಸಿದರೆ ಕರಗದ ಭಾಗ ಉಳಿದು ರಂಧ್ರ ಕಟ್ಟುತ್ತದೆ. ಆದ್ದರಿಂದ ಬೂದಿ ನೀರನ್ನು ತಿಳಿಯಾಗಿ ಬಸಿದು, ಅದರಲ್ಲಿ ಇದ್ದಿಲನ್ನು ನೆನೆಸಿ ಕಾಯಿಸುವುದೇ ಸರಿ. ಕೊನೆಗೆ ಜಾರುಗುಣ ಹೋಗುವವರೆಗೆ ತೊಳೆಯಬೇಕು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಕಚ್ಚಾವಸ್ತು ಹಿಪ್ಪುನೇರಳೆ ಕಡ್ಡಿ, ಕಡಲೆಕಾಯಿ ಸಿಪ್ಪೆ, ಮುಸುಕಿನ ಜೋಳದ ಬೆಂಡು. ರಾಗಿ ಹುಲ್ಲು ದನಕ್ಕೆ ಸೇರಿದ್ದು, ಅದನ್ನು ಸುಡುವ ಮಾತೇ ಬೇಡ. ಗೌರಿಬಿದನೂರು, ಚಿಂತಾಮಣಿ ಕಡೆಯ ಕೊಳವೆಬಾವಿಗಳ ಫ್ಲೋರೈಡಿಗೆ ಇದೇ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರೀ ಸಕ್ರಿಯ ಇದ್ದಿಲು ಫ್ಲೋರೈಡನ್ನು ಹಿಡಿಯುವುದು ತೀರಾ ಕಡಿಮೆ. ಅದಕ್ಕೆ ಅಲ್ಯುಮಿನಾದಂಥ ವಸ್ತು ಬೇಕು. ಇದ್ದಿಲಿನ ಬಲ ಇರುವುದು ಬಣ್ಣ, ವಾಸನೆ, ಕ್ಲೋರಿನ್, ಕೀಟನಾಶಕಗಳನ್ನು ಹೀರುವುದರಲ್ಲಿ.

ಅದಕ್ಕೇ ನನ್ನ ಕಣ್ಣು ಹೆಬ್ಬಾಳ–ನಾಗವಾರ ಕಣಿವೆಯ ನೀರಿನ ಮೇಲಿದೆ. ಬೆಂಗಳೂರಿನ ಕೊಳಚೆ ನೀರು ಎರಡೇ ಹಂತ ಸಂಸ್ಕರಣೆಗೊಂಡು ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತ ಬೇಕೆಂದು ಇಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ, ಆ ಹಂತದಲ್ಲಿ ಸಕ್ರಿಯ ಇದ್ದಿಲಿಗೆ ನಿಜವಾದ ಕೆಲಸವಿದೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ, ಕಡ್ಡಿ ಪ್ರತಿ ತೋಟದಲ್ಲೂ ಇದೆ. ಹಿಪ್ಪುನೇರಳೆ ಬೂದಿಯಲ್ಲಿ ಪೊಟ್ಯಾಸಿಯಂ ಎಷ್ಟಿದೆ, ಆ ಇದ್ದಿಲು ಕೆರೆಯ ನೀರಿನಲ್ಲಿ ಏನನ್ನು ಹಿಡಿಯುತ್ತದೆ ಎಂದು ಅಳೆದು, ಫಲಿತಾಂಶವನ್ನು ಕನ್ನಡದಲ್ಲೇ ರೈತರ ಮುಂದಿಡಿ ಎಂದು ಅಲ್ಲಿನ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೇಳಿಕೊಳ್ಳುತ್ತೇನೆ.