ಹಾಜರಿ ಪಟ್ಟಿಯನ್ನು ಓದುವವರು ಯಾರು?



ನಿಮ್ಮ ತರಗತಿಯಲ್ಲಿ ದಿನವೂ ಹಾಜರಿ ಕೂಗುತ್ತಾರೆ. ಗೈರುಹಾಜರಾದ ಗೆಳೆಯನ ಪರವಾಗಿ ಇನ್ನೊಬ್ಬ ದನಿ ಬದಲಿಸಿ 'ಪ್ರೆಸೆಂಟ್ ಸಾರ್' ಎನ್ನುವುದು ಕಾಲೇಜುಗಳಲ್ಲಿ ಹೊಸದೇನಲ್ಲ. ಮೇಷ್ಟ್ರು ತಲೆ ಎತ್ತಿ ನೋಡದಿದ್ದರೆ ಪುಸ್ತಕದಲ್ಲಿ ಅವನು ಹಾಜರೇ. ಈ ಕಳ್ಳಾಟದಿಂದ ಯಾರ ಗಂಟೂ ಹೋಗುವುದಿಲ್ಲ. ಆದರೆ ಅಂಥದೇ ಪಟ್ಟಿಯ ಪ್ರತಿಯೊಂದು ಹೆಸರಿನ ಮುಂದೆ ಒಂದು ದಿನದ ಕೂಲಿಯೋ, ಒಂದು ಮಗುವಿನ ಪಾಲಿನ ಅಕ್ಕಿಯೋ ಇದ್ದರೆ? ಶಿಕ್ಷಣಕ್ಕೆಂದು, ಉದ್ಯೋಗಕ್ಕೆಂದು ಸರ್ಕಾರ ಮಾಡುವ ಖರ್ಚಿನ ಬಹುಭಾಗ ಕೊನೆಗೆ ಇಂಥ ಪಟ್ಟಿಗಳಲ್ಲಿ ದಾಖಲಾಗುತ್ತದೆ. ಆ ಪಟ್ಟಿಯನ್ನು ಬರೆದವರು ಯಾರು, ಪರೀಕ್ಷಿಸಿದವರು ಯಾರು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ಅದನ್ನು ಇಲ್ಲಿ ನೋಡೋಣ.

1876-78ರ ಭೀಕರ ಬರದ ಬಗ್ಗೆ ನೀವು ಕೇಳಿರಬಹುದು. ನಮ್ಮ ಹಿರಿಯರು ಅದನ್ನು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಬರ ಎಂದು ಕರೆದರು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಸರ್ಕಾರ ಕೆರೆ, ರಸ್ತೆ, ಕಾಲುವೆಗಳ ಕಾಮಗಾರಿ ತೆರೆದು ಹಸಿದವರಿಗೆ ಕೂಲಿ ಕೊಟ್ಟಿತು. ಬೆಂಗಳೂರು-ಮೈಸೂರು ರೈಲು ಮಾರ್ಗದ ಕೆಲಸ ಆರಂಭವಾದದ್ದೂ ಆ ಬರದ ದಿನಗಳಲ್ಲಿಯೇ. ಈಗ ನಾವು ಕಿಟಕಿ ಪಕ್ಕ ಕುಳಿತು ಮದ್ದೂರು ವಡೆ ತಿನ್ನುವಾಗ ಅದು ನೆನಪಾಗುವುದಿಲ್ಲ.

ಆ ಖರ್ಚಿನ ಮೇಲೆ ಕಣ್ಣಿಡಲು ವೈಸರಾಯ್ ಲಿಟ್ಟನ್ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳುಹಿಸಿದ. ಟೆಂಪಲ್ ಬಂದು ಮಾಡಿದ್ದೇನು? ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದ. ಕಲ್ಲು ಮಣ್ಣು ಹೊರುವವರಿಗೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಬಲವಾಗಿ ವಿರೋಧಿಸಿದ. ಆ ಕಾಲದಲ್ಲಿ ಮೇಲ್ವಿಚಾರಣೆ ಎಂದರೆ ಖಜಾನೆಯನ್ನು ಹಸಿದವರಿಂದ ಕಾಪಾಡುವುದು ಎಂದೇ ಅರ್ಥ. ಮುಂದೆ ಬಂದ ಕ್ಷಾಮ ಸಂಹಿತೆಗಳು ಕಾಮಗಾರಿಗಳಿಗೆ ನಿಯಮಗಳನ್ನು ಹಾಕಿಕೊಟ್ಟವು. ಆದರೆ ಲೆಕ್ಕ ಮೇಲಕ್ಕೆ ಹೋಗಬೇಕೇ ಹೊರತು ಕೆಳಗಿನವರಿಗೆ ತೋರಿಸಬೇಕಾದದ್ದಲ್ಲ ಎಂಬ ಭಾವನೆ ಹಾಗೆಯೇ ಉಳಿಯಿತು.

ಸ್ವಾತಂತ್ರ್ಯಾನಂತರ ಲೆಕ್ಕವನ್ನು ನೋಡುವವರು ಬದಲಾದರು. ಸಂವಿಧಾನದ 148ರಿಂದ 151ರವರೆಗಿನ ವಿಧಿಗಳನ್ನು ನಿಮ್ಮ ಪೌರನೀತಿ ಪಾಠದಲ್ಲಿ ಓದಿರುತ್ತೀರಿ. ನಿಯಂತ್ರಕ ಮತ್ತು ಮಹಾಲೆಕ್ಕ ಪರಿಶೋಧಕರ ವರದಿ ಸಂಸತ್ತಿನ ಮುಂದೆ, ರಾಜ್ಯಗಳಿಗೆ ಸಂಬಂಧಿಸಿದ್ದು ವಿಧಾನಮಂಡಲದ ಮುಂದೆ ಬರುತ್ತದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಇದು ದೊಡ್ಡ ವ್ಯವಸ್ಥೆ, ಹಗುರವಾಗಿ ಮಾತನಾಡುವಂಥದ್ದಲ್ಲ. ಆದರೂ ಅದಕ್ಕೊಂದು ಮಿತಿಯಿತ್ತು. ಲೆಕ್ಕ ಪರಿಶೋಧಕರು ಬಹುಮಟ್ಟಿಗೆ ನೋಡುತ್ತಿದ್ದದ್ದು ಕಾಗದವನ್ನು. ಹಾಜರಿ ಪಟ್ಟಿಯಲ್ಲಿ ಐವತ್ತು ಹೆಸರು, ಐವತ್ತು ಹೆಬ್ಬೆಟ್ಟಿನ ಗುರುತು, ಅಳತೆ ಪುಸ್ತಕದಲ್ಲಿ ಎಂಜಿನಿಯರರ ಸಹಿ ಇದ್ದು, ಕೂಡಿಸಿದ ಮೊತ್ತ ತಾಳೆಯಾದರೆ ಲೆಕ್ಕ ಸರಿ. ಆ ಐವತ್ತರಲ್ಲಿ ಹತ್ತು ಜನ ಊರು ಬಿಟ್ಟು ವರ್ಷವಾಯಿತು ಎಂಬುದು ರಾಜಧಾನಿಯ ಕಚೇರಿಯಲ್ಲಿ ಕುಳಿತವರಿಗೆ ತಿಳಿಯುವುದೆಂತು? ಅದು ಊರಿನ ಎಲ್ಲರಿಗೂ ಗೊತ್ತು. ಆದರೆ ಊರಿನವರಿಗೆ ಆ ಪಟ್ಟಿ ಕಾಣುತ್ತಿರಲಿಲ್ಲ.

ಕೆಲಸ ಪಡೆಯುವುದು ಹಕ್ಕು ಎಂಬ ಮಾತು ಮೊದಲು ಕಾನೂನಾದದ್ದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ. 1972-73ರ ಬರಗಾಲದಲ್ಲಿ ಅಲ್ಲಿನ ಪರಿಹಾರ ಕಾಮಗಾರಿಗಳಲ್ಲಿ ಒಂದು ಹಂತದಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ವಿ. ಎಸ್. ಪಾಗೆಯವರ ಚಿಂತನೆಯಿಂದ ಮೂಡಿದ ಉದ್ಯೋಗ ಖಾತರಿ ಯೋಜನೆ 1977ರಲ್ಲಿ ಕಾಯಿದೆಯಾಗಿ, 1979ರ ಜನವರಿ 26ರಂದು ಜಾರಿಗೆ ಬಂತು. ಕೆಲಸದ ಹಕ್ಕು ಬಂತು. ಲೆಕ್ಕ ಕೇಳುವ ಹಕ್ಕು ಇನ್ನೂ ಬರಬೇಕಿತ್ತು.

ಅದು ಬಂದದ್ದು ರಾಜಸ್ಥಾನದ ಒಣ ಗುಡ್ಡಗಳ ನಡುವಿನಿಂದ. 1990ರ ಮೇ 1ರಂದು, ಇಂದಿನ ರಾಜ್‌ಸಮಂದ್ ಜಿಲ್ಲೆಯ ಭೀಮ್ ಎಂಬಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹುಟ್ಟಿತು. ಐ.ಎ.ಎಸ್. ಹುದ್ದೆ ಬಿಟ್ಟು ಬಂದ ಅರುಣಾ ರಾಯ್, ಅವರೊಂದಿಗೆ ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಸುತ್ತಲ ಹಳ್ಳಿಗಳ ಕೂಲಿಕಾರರು ಅದರಲ್ಲಿದ್ದರು. ಅವರ ಮೊದಲ ಬೇಡಿಕೆ ಬಹಳ ಸರಳ: ಕಾನೂನು ಹೇಳಿದಷ್ಟು ಕನಿಷ್ಠ ಕೂಲಿ ಕೊಡಿ. ಬರಗಾಲದ ಕಾಮಗಾರಿಗಳಲ್ಲಿಯೂ ಕನಿಷ್ಠ ಕೂಲಿ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1983ರಲ್ಲಿಯೇ ತೀರ್ಪು ನೀಡಿತ್ತು. ಆದರೆ ಕೂಲಿ ಕೇಳಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗೆ ಇಲ್ಲ. ಹಾಗಾದರೆ ಆ ದಾಖಲೆ ತೋರಿಸಿ ಎಂದರೆ, ಅದು ಸರ್ಕಾರಿ ರಹಸ್ಯ! ತಾನು ಎಷ್ಟು ಮಣ್ಣು ಅಗೆದೆ ಎಂಬುದು ಅಗೆದವಳಿಗೇ ರಹಸ್ಯ.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಗ್ರಾಮದಲ್ಲಿ ಸಂಘಟನೆ ಮೊದಲ 'ಜನ ಸುನವಾಯಿ', ಅಂದರೆ ಜನರೆದುರಿನ ವಿಚಾರಣೆ, ನಡೆಸಿತು. ದಾಖಲೆಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಲಾಯಿತು. ಇಂಥ ದಿನ ಇಂಥವರು ಕೆಲಸ ಮಾಡಿದರು, ಇಷ್ಟು ಕೂಲಿ ಪಡೆದರು. ಕೇಳುತ್ತ ಕುಳಿತವರಲ್ಲಿ ಬಹಳ ಮಂದಿಗೆ ಓದು ಬಾರದು. ಕೇಳಿದ್ದು ನಿಜವೋ ಸುಳ್ಳೋ ಎಂದು ಹೇಳಲು ಓದು ಬೇಕಿರಲಿಲ್ಲ. ಆ ಸರಣಿಯ ವಿಚಾರಣೆಗಳಲ್ಲಿ ಸತ್ತವರ ಹೆಸರುಗಳು, ಆ ಸ್ಥಳಕ್ಕೆ ಕಾಲಿಡದವರ ಹೆಸರುಗಳು ಕೂಲಿ ಪಟ್ಟಿಯಿಂದ ಹೊರಬಿದ್ದವು. ಅಂಕಿಗಳ ಲೆಕ್ಕದಲ್ಲಿ ಎಂದೂ ಸಿಗದ ತಪ್ಪು ನೆರೆಹೊರೆಯವರ ನೆನಪಿನಲ್ಲಿ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ ನಮ್ಮ ಲೆಕ್ಕಪರಿಶೋಧನೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ತಿರುವು ಬೇರೊಂದಿಲ್ಲ.

1995ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೆಖಾವತ್ ಅಭಿವೃದ್ಧಿ ಕೆಲಸಗಳ ದಾಖಲೆಯ ಪ್ರತಿ ಕೊಡುವುದಾಗಿ ಭರವಸೆ ನೀಡಿದರು. ವರ್ಷ ಕಳೆದರೂ ಆದೇಶ ಬರಲಿಲ್ಲ. 1996ರ ಏಪ್ರಿಲ್ 6ರಂದು ಬಿಯಾವರ್ ಪಟ್ಟಣದಲ್ಲಿ ಧರಣಿ ಆರಂಭವಾಗಿ 40 ದಿನ ನಡೆಯಿತು. 'ಹಮಾರಾ ಪೈಸಾ, ಹಮಾರಾ ಹಿಸಾಬ್' ಎಂಬ ಘೋಷಣೆ, ಅಂದರೆ ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬ ಮಾತು, ಈ ಚಳವಳಿಯಿಂದ ದೇಶಕ್ಕೆಲ್ಲ ಹಬ್ಬಿತು. ಸಂಸತ್ತು 2005ರಲ್ಲಿ ಅಂಗೀಕರಿಸಿದ ಮಾಹಿತಿ ಹಕ್ಕು ಕಾಯಿದೆಯ ಬೇರುಗಳಲ್ಲಿ ಒಂದು ಇಲ್ಲಿದೆ.

ವಿಚಿತ್ರವೆಂದರೆ, ಅದೇ ವರ್ಷಗಳಲ್ಲಿ ಆಫ್ರಿಕದ ಉಗಾಂಡಾ ದೇಶದಲ್ಲಿ ಶಾಲೆಗಳ ಹಣದ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿನ ಸರ್ಕಾರ ಪ್ರತಿ ವಿದ್ಯಾರ್ಥಿಗೆ ಇಷ್ಟು ಎಂದು ಪ್ರಾಥಮಿಕ ಶಾಲೆಗಳಿಗೆ ಅನುದಾನ ಕಳುಹಿಸುತ್ತಿತ್ತು. 250 ಶಾಲೆಗಳ ಲೆಕ್ಕವನ್ನು ಶಾಲೆಯ ಬಾಗಿಲಲ್ಲಿಯೇ ಪರೀಕ್ಷಿಸಿದಾಗ, 1991ರಿಂದ 1995ರ ಅವಧಿಯಲ್ಲಿ ಸರಾಸರಿ ಶೇಕಡ 13ರಷ್ಟು ಮಾತ್ರ ತಲುಪಿದ್ದು ಕಂಡುಬಂತು. ಆಮೇಲೆ ಸರ್ಕಾರ ಪ್ರತಿ ಜಿಲ್ಲೆಗೆ ಕಳುಹಿಸಿದ ಹಣವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿತು. ಬಂದ ಹಣದ ವಿವರವನ್ನು ಶಾಲೆಯಲ್ಲಿ ಅಂಟಿಸಬೇಕೆಂದಿತು. ಕೆಲವೇ ವರ್ಷಗಳಲ್ಲಿ ಬಹುಪಾಲು ಹಣ ತಲುಪತೊಡಗಿತು. ಒಂದು ಪ್ರಕಟಣೆಯಿಂದಲೇ ಎಲ್ಲ ಸರಿಹೋಯಿತು ಎನ್ನುವುದು ಅತಿಶಯ. ಹಣಕಾಸಿನ ಇತರ ಸುಧಾರಣೆಗಳೂ ಜೊತೆಗಿದ್ದವೆಂದು ವಿದ್ವಾಂಸರು ತೋರಿಸಿದ್ದಾರೆ. ಆದರೂ ಮುಖ್ಯೋಪಾಧ್ಯಾಯರಿಗೆ ತಮ್ಮ ಶಾಲೆಗೆ ಎಷ್ಟು ಬರಬೇಕಿತ್ತೆಂಬುದು ತಿಳಿದದ್ದು ಸಣ್ಣ ಸಂಗತಿಯಲ್ಲ.

ನಮ್ಮ ಶಾಲೆಗಳಿಗೆ ಬರೋಣ. 1995ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ಬಹಳ ರಾಜ್ಯಗಳು ಅಡುಗೆ ಮಾಡಿಸದೆ, ಶೇಕಡ 80 ಹಾಜರಿಯಿದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುತ್ತಿದ್ದವು. ಅಂದರೆ ಶಾಲೆಯ ಹಾಜರಿ ಪುಸ್ತಕ ಪಡಿತರದ ಚೀಟಿಯೂ ಆಯಿತು. ಬಿಸಿಯೂಟವನ್ನೇ ಬಡಿಸಬೇಕೆಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಕರ್ನಾಟಕದಲ್ಲಿ 2002-03ರಲ್ಲಿ ಅಕ್ಷರ ದಾಸೋಹ ಬಂತು. ಮನೆಗೆ ಹೋಗುವ ಧಾನ್ಯದ ಲೆಕ್ಕಕ್ಕೂ ತಟ್ಟೆಗೆ ಬೀಳುವ ಅನ್ನದ ಲೆಕ್ಕಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಸಾಲಿನಲ್ಲಿ ಕುಳಿತ ಮಕ್ಕಳೇ ನೋಡುತ್ತಾರೆ, ಮನೆಗೆ ಹೋಗಿ ಹೇಳುತ್ತಾರೆ. ಸಾರು ನೀರಾದರೆ ಅದಕ್ಕೆ ಆಡಿಟರ್ ಬೇಕಿಲ್ಲ. 2001ರಿಂದ ನಮ್ಮ ರಾಜ್ಯದಲ್ಲಿ ಪೋಷಕರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರೂಪುಗೊಂಡವು. 2009ರ ಶಿಕ್ಷಣ ಹಕ್ಕು ಕಾಯಿದೆ ಇಂಥ ಸಮಿತಿಗೆ ಅನುದಾನದ ಬಳಕೆಯನ್ನು ಗಮನಿಸುವ ಕೆಲಸವನ್ನೂ ಒಪ್ಪಿಸಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದಿತು. ಕೂಲಿ ಬಿಟ್ಟು ಸಭೆಗೆ ಬರುವುದು ತಾಯಂದಿರಿಗೆ ಎಷ್ಟು ಕಷ್ಟ ಎಂಬುದನ್ನು ಮಾತ್ರ ಯಾವ ಕಾಯಿದೆಯೂ ಬರೆಯಲಿಲ್ಲ.

ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯೂ 2005ರದೇ. 2006ರ ಫೆಬ್ರವರಿ 2ರಂದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಅದು ಉದ್ಘಾಟನೆಯಾಯಿತು. ಮೊದಲ ಹಂತದ 200 ಜಿಲ್ಲೆಗಳಲ್ಲಿ ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಇದ್ದವು. ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ ಎಂಬುದು ಎಲ್ಲರಿಗೂ ಗೊತ್ತು. ಅದರ 17ನೆಯ ಪ್ರಕರಣ ಅಷ್ಟು ಪ್ರಸಿದ್ಧವಲ್ಲ: ಎಲ್ಲ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆ ನಡೆಸಬೇಕು, ಪಂಚಾಯಿತಿ ಹಾಜರಿ ಪಟ್ಟಿ, ಬಿಲ್ಲು, ಅಳತೆ ಪುಸ್ತಕಗಳನ್ನು ಅದರ ಮುಂದಿಡಬೇಕು ಎಂದು ಅದು ಹೇಳಿತು. ಕೋಟ್ ಕಿರಾಣಾದ ಸಭೆ ಕಾನೂನಿನ ಪುಟಕ್ಕೆ ಬಂದದ್ದು ಹೀಗೆ. ಆಂಧ್ರಪ್ರದೇಶದಲ್ಲಿ ಕೂಲಿ ಕುಟುಂಬಗಳ ಓದಿದ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ಅವರು ಪಟ್ಟಿ ಓದಿ ಹೇಳಿ, ಉತ್ತರ ಬರೆದುಕೊಂಡರು. ನಿಮ್ಮ ವಯಸ್ಸಿಗಿಂತ ಸ್ವಲ್ಪ ದೊಡ್ಡವರು, ಅಷ್ಟೇ. ದುರುಪಯೋಗ ಪತ್ತೆಯಾದಷ್ಟು ಹಣ ವಸೂಲಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಪತ್ತೆ ಮಾಡುವುದು ಊರಿನ ಕೈಯಲ್ಲಿತ್ತು, ವಸೂಲಿ ಇಲಾಖೆಯ ಕೈಯಲ್ಲಿ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯಿದೆಯ ಬದಲಿಗೆ 125 ದಿನಗಳ ಕೆಲಸದ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಅದಕ್ಕೆ ಮೊದಲೇ ಹಾಜರಿ ಪಟ್ಟಿ ಕಾಗದ ಬಿಟ್ಟು ಮೊಬೈಲಿಗೆ ಹೋಗಿತ್ತು: 2021ರಲ್ಲಿ ಬಂದ ತಂತ್ರಾಂಶದಲ್ಲಿ ಕೆಲಸದ ಸ್ಥಳದ ಕೂಲಿಕಾರರ ಚಿತ್ರವನ್ನು ದಿನಕ್ಕೆ ಎರಡು ಬಾರಿ ತೆಗೆದು ಕಳುಹಿಸಬೇಕಿತ್ತು. ಚಿತ್ರ ಸುಳ್ಳು ಹೇಳದು ಎಂಬ ನಂಬಿಕೆ ಇರಬೇಕು. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದು ಎಚ್ಚರಿಸಿತು: ಕೆಲವೆಡೆ ಸಂಬಂಧವಿಲ್ಲದ ಚಿತ್ರಗಳು ಬರುತ್ತಿವೆ, ಕೆಲವೆಡೆ ಜನರ ಬದಲು ಹಳೆಯ ಚಿತ್ರದ ಚಿತ್ರ ತೆಗೆದು ಕಳುಹಿಸಲಾಗುತ್ತಿದೆ. ಪರಿಹಾರವಾಗಿ ಸಚಿವಾಲಯ ಸೂಚಿಸಿದ್ದು, ಪಂಚಾಯಿತಿ ಮಟ್ಟದಲ್ಲಿ ಪ್ರತಿಯೊಂದು ಚಿತ್ರವನ್ನೂ ಮನುಷ್ಯರೇ ಕುಳಿತು ಕಣ್ಣಾರೆ ನೋಡಬೇಕು ಎಂದು.