ಸಾವಯವ ವಿದ್ಯುದ್ರಾಸಾಯನಿಕ ಟ್ರಾನ್ಸಿಸ್ಟರ್

ಸಾವಯವ ವಿದ್ಯುದ್ರಾಸಾಯನಿಕ ಟ್ರಾನ್ಸಿಸ್ಟರ್ ಎಂಬುದು ದ್ರಾವಣದಲ್ಲಿರುವ ಅಯಾನುಗಳ ಚಲನೆಯನ್ನು ವಿದ್ಯುತ್ ಪ್ರವಾಹದ ಏರಿಳಿತವಾಗಿ ಪರಿವರ್ತಿಸುವ ಎಲೆಕ್ಟ್ರಾನಿಕ್ ಸಾಧನ. ಬೆವರು, ರಕ್ತ, ಸಸ್ಯರಸ, ನೀರು ಮುಂತಾದವುಗಳಲ್ಲಿ ಕರಗಿರುವ ಲವಣ, ಸಕ್ಕರೆ ಮೊದಲಾದವುಗಳನ್ನು ಅಳೆಯುವ ರಾಸಾಯನಿಕ ಹಾಗೂ ಜೈವಿಕ ಸಂವೇದಕವಾಗಿ ಇದನ್ನು ಬೆಳೆಸಲಾಗುತ್ತಿದೆ. ಇಲ್ಲಿ ‘ಸಾವಯವ’ ಎಂಬ ಪದಕ್ಕೂ ಸಾವಯವ ಕೃಷಿಗೂ ಸಂಬಂಧವಿಲ್ಲ. ಇಂಗಾಲದ ಸಂಯುಕ್ತಗಳಿಂದ ಮಾಡಿದ್ದು ಎಂದಷ್ಟೇ ಅರ್ಥ.

ರಚನೆ ಮತ್ತು ಕಾರ್ಯವಿಧಾನ

ಸಾಧನದಲ್ಲಿ ಸೋರ್ಸ್, ಡ್ರೇನ್ ಮತ್ತು ಗೇಟ್ ಎಂಬ ಮೂರು ವಿದ್ಯುದ್ವಾರಗಳಿರುತ್ತವೆ. ಸೋರ್ಸ್ ಮತ್ತು ಡ್ರೇನ್‌ಗಳ ನಡುವೆ ವಿದ್ಯುತ್ತನ್ನು ಹರಿಸುವ ಪಾಲಿಮರ್‌ನ ತೆಳುಪದರವಿರುತ್ತದೆ. ಇದಕ್ಕೆ ಚಾನೆಲ್ ಎಂದು ಹೆಸರು. ಚಾನೆಲ್ ಮತ್ತು ಗೇಟ್ ಎರಡೂ ಅಯಾನುಗಳುಳ್ಳ ಒಂದೇ ದ್ರಾವಣವನ್ನು ಮುಟ್ಟಿಕೊಂಡಿರುತ್ತವೆ. ಚಾನೆಲ್‌ಗೆ ಹೆಚ್ಚಾಗಿ ಬಳಸುವ ವಸ್ತು ಪೆಡಾಟ್:ಪಿಎಸ್‌ಎಸ್ ಎಂಬ ಎರಡು ಪಾಲಿಮರ್‌ಗಳ ಮಿಶ್ರಣ. ಗೇಟ್‌ಗೆ ಧನ ವೋಲ್ಟೇಜ್ ಕೊಟ್ಟಾಗ ದ್ರಾವಣದ ಧನ ಅಯಾನುಗಳು ಪಾಲಿಮರ್‌ನೊಳಕ್ಕೆ ನುಗ್ಗುತ್ತವೆ. ಆಗ ಅಲ್ಲಿ ವಿದ್ಯುತ್ತನ್ನು ಸಾಗಿಸುತ್ತಿದ್ದ ಧನ ಆವೇಶಗಳು ಕಡಿಮೆಯಾಗಿ ಪ್ರವಾಹ ಕುಗ್ಗುತ್ತದೆ. ಕುಗ್ಗಿದ ಪ್ರಮಾಣವನ್ನು ಅಳೆದು ದ್ರಾವಣದ ಸ್ಥಿತಿಯನ್ನು ತಿಳಿಯಲಾಗುತ್ತದೆ.

ಸಾಮಾನ್ಯ ಸಿಲಿಕಾನ್ ಕ್ಷೇತ್ರ ಪರಿಣಾಮ ಟ್ರಾನ್ಸಿಸ್ಟರ್‌ನಲ್ಲಿ ಈ ನಿಯಂತ್ರಣ ಮೇಲ್ಮೈಗೆ ಸೀಮಿತ. ಇಲ್ಲಿಯಾದರೋ ಅಯಾನುಗಳು ಪದರದ ಇಡೀ ಗಾತ್ರವನ್ನು ಹೊಕ್ಕುತ್ತವೆ. ಬಂಡೆಯ ಮೇಲೆ ಬಿದ್ದ ಮಳೆಗೂ ನವಲಗುಂದದ ಎರೆಭೂಮಿಯಲ್ಲಿ ಇಂಗಿದ ಮಳೆಗೂ ಇರುವ ವ್ಯತ್ಯಾಸವನ್ನು ನೆನೆದರೆ ವಿಷಯ ಸ್ಪಷ್ಟವಾದೀತು. ಎರೆಮಣ್ಣಿನಂತೆ ಈ ಪಾಲಿಮರ್ ಕೂಡ ನೀರು ಹೀರಿ ಉಬ್ಬುತ್ತದೆ. ಈ ಕಾರಣದಿಂದ ಒಂದು ವೋಲ್ಟ್‌ಗಿಂತ ಕಡಿಮೆ ವೋಲ್ಟೇಜ್‌ನಲ್ಲಿಯೇ ದುರ್ಬಲ ಸಂಕೇತ ದೊಡ್ಡದಾಗಿ ದೊರೆಯುತ್ತದೆ. ಆದರೆ ಪದರ ದಪ್ಪವಾದಷ್ಟೂ ಅಯಾನುಗಳು ಒಳಹೊಕ್ಕು ಹೊರಬರಲು ಹೆಚ್ಚು ಸಮಯ ಹಿಡಿಯುತ್ತದೆ, ಸಾಧನ ನಿಧಾನವಾಗುತ್ತದೆ.

ಇತಿಹಾಸ

ವಿದ್ಯುದ್ವಾಹಕ ಪಾಲಿಮರ್‌ಗಳ ಶೋಧಕ್ಕಾಗಿ ಹೀಗರ್, ಮ್ಯಾಕ್‌ಡಿಯರ್ಮಿಡ್ ಮತ್ತು ಶಿರಕಾವಾ ಅವರಿಗೆ 2000ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅದಕ್ಕೂ ಮೊದಲೇ, 1984ರಲ್ಲಿ, ಅಮೆರಿಕದ ಮಾರ್ಕ್ ರೈಟನ್ ಮತ್ತು ಸಂಗಡಿಗರು ಪಾಲಿಪಿರೋಲ್ ಬಳಸಿ ಇಂತಹ ಮೊದಲ ಟ್ರಾನ್ಸಿಸ್ಟರನ್ನು ವರದಿ ಮಾಡಿದ್ದರು. 2013ರಲ್ಲಿ ಇಲಿಗಳ ಮಿದುಳಿನ ಮೇಲ್ಮೈಯಿಂದ ನೇರವಾಗಿ ಸಂಕೇತಗಳನ್ನು ದಾಖಲಿಸಲು ಇದನ್ನು ಬಳಸಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ ಕೆಲಸವೆಂದರೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರ ತಂಡದ್ದು. ಬೆಳಕಿಗೆ ಸ್ಪಂದಿಸುವ ಪಾಲಿಮರ್ ಪದರವನ್ನು ಅಕ್ಷಿಪಟಲದ ಅಂಗಾಂಶದೊಡನೆ ಜೋಡಿಸಿ ಅವರು ಅಧ್ಯಯನ ನಡೆಸಿದ್ದಾರೆ. ಅದು ಟ್ರಾನ್ಸಿಸ್ಟರ್ ಅಲ್ಲದಿದ್ದರೂ ಪಾಲಿಮರ್ ಮತ್ತು ಜೀವಕೋಶಗಳ ನಡುವಣ ಸಂವಹನವೇ ಅಲ್ಲಿಯೂ ಮುಖ್ಯ ಪ್ರಶ್ನೆ.

ಗುರುತಿಸುವಿಕೆಯ ಸಮಸ್ಯೆ

ಈ ಟ್ರಾನ್ಸಿಸ್ಟರ್ ಸಂಕೇತವನ್ನು ದೊಡ್ಡದು ಮಾಡುತ್ತದೆಯೇ ಹೊರತು ಯಾವ ವಸ್ತು ಬಂದಿದೆ ಎಂಬುದನ್ನು ತಾನಾಗಿ ಅರಿಯದು. ಸೋಡಿಯಂ ಬಂದರೂ ಪೊಟ್ಯಾಸಿಯಂ ಬಂದರೂ ಪ್ರವಾಹ ಕುಗ್ಗುತ್ತದೆ. ಆದ್ದರಿಂದ ಗುರುತಿಸುವ ಭಾಗವನ್ನು ಪ್ರತ್ಯೇಕವಾಗಿ ಸೇರಿಸಬೇಕು. ನಿರ್ದಿಷ್ಟ ಅಯಾನನ್ನು ಮಾತ್ರ ಬಿಡುವ ಪೊರೆಯನ್ನು ಹೊದಿಸುವುದು ಒಂದು ದಾರಿ. ಗ್ಲೂಕೋಸ್ ಅಳೆಯಲು ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಬಳಸುತ್ತಾರೆ: ಕಿಣ್ವದ ಕ್ರಿಯೆಯಿಂದ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡ್ ಪ್ಲಾಟಿನಂ ಗೇಟ್‌ನ ಮೇಲೆ ಉತ್ಕರ್ಷಣಗೊಂಡು ಚಾನೆಲ್‌ನ ಪ್ರವಾಹವನ್ನು ಬದಲಿಸುತ್ತದೆ. ಕಿಣ್ವ ಕಾಲಕ್ರಮೇಣ ಶಕ್ತಿಗುಂದುವುದರಿಂದ ಇಂತಹ ಸಂವೇದಕಗಳ ಆಯುಷ್ಯ ಸೀಮಿತ.

ಹತ್ತಿಯ ನೂಲು ಮತ್ತು ಬೆಳೆಗಳು

ಈ ಸಾಧನಕ್ಕೆ ಗಾಜು, ಸಿಲಿಕಾನ್‌ಗಳೇ ಬೇಕೆಂದಿಲ್ಲ. ಇಟಲಿಯ ಪಾರ್ಮಾದ ಸಂಶೋಧಕರು 2012ರಲ್ಲಿ ಒಂದೇ ಒಂದು ಹತ್ತಿ ಎಳೆಯನ್ನು ಪೆಡಾಟ್:ಪಿಎಸ್‌ಎಸ್‌ನಿಂದ ಲೇಪಿಸಿ, ಉಪ್ಪುನೀರನ್ನು ಅಳೆಯುವ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. ಮುಂದೆ ಅಲ್ಲಿಯೇ ಲೇಪಿತ ನೂಲನ್ನು ಟೊಮೆಟೊ ಗಿಡದ ಕಾಂಡದಲ್ಲಿ ಪೋಣಿಸಿ ಸಸ್ಯರಸದ ಅಯಾನುಗಳ ಮೇಲೆ ಬಿಡುವಿಲ್ಲದೆ ನಿಗಾ ಇಡಲಾಯಿತು. ‘ಬಯೋರಿಸ್ಟರ್’ ಎಂದು ಹೆಸರಿಸಲಾದ ಈ ಸಾಧನ, ನೀರು ನಿಲ್ಲಿಸಿದ ಸುಮಾರು 30 ಗಂಟೆಗಳೊಳಗೆ ಬರದ ಲಕ್ಷಣವನ್ನು ಸೂಚಿಸಿತೆಂದು 2019ರಲ್ಲಿ ಪ್ರಕಟವಾಯಿತು.

ಹತ್ತಿ ಬೆಳೆಯುವ ಧಾರವಾಡ ಜಿಲ್ಲೆಯ ಓದುಗರಿಗೆ ಇದು ದೂರದ ಸಂಗತಿಯಲ್ಲ. ನವಲಗುಂದ, ಅಣ್ಣಿಗೇರಿ ಭಾಗದಲ್ಲಿ ಸವಳು ನೀರು ಹಳೆಯ ತೊಡಕು. ನೀರು ಬಸಿಯದ ಕಪ್ಪುಮಣ್ಣಿಗೆ ಕಾಲುವೆ ನೀರು ಹೆಚ್ಚಾದರೆ ಲವಣ ಮೇಲಕ್ಕೆ ಬರುತ್ತದೆ. ಮಣ್ಣಿನ ಸಂತೃಪ್ತ ಸಾರದ ವಿದ್ಯುದ್ವಾಹಕತೆ ಪ್ರತಿ ಮೀಟರ್‌ಗೆ 4 ಡೆಸಿಸೀಮನ್ಸ್ ಮೀರಿದರೆ ಅದನ್ನು ಸವಳು ಮಣ್ಣು ಎನ್ನುವುದು ವಾಡಿಕೆ. ಈ ಸಂಖ್ಯೆಯಾದರೂ ಒಟ್ಟು ಲವಣವನ್ನಷ್ಟೇ ಹೇಳುತ್ತದೆ. ಜಿಪ್ಸಂ ಹಾಕಬೇಕೇ ಬೇಡವೇ ಎಂದು ನಿರ್ಧರಿಸಲು ಸೋಡಿಯಂನ ಪಾಲು ಎಷ್ಟೆಂಬುದು ಬೇರೆಯಾಗಿ ಗೊತ್ತಾಗಬೇಕು. ಬರಿಯ ಲೇಪಿತ ನೂಲು ಅದನ್ನು ಹೇಳಲಾರದು. ಸೋಡಿಯಂ ಪೊರೆಯಿರುವ ಸಾಧನ ಹೇಳಬಲ್ಲದು. ಹೊಲದ ಬಿಸಿಲು, ಕೆಸರುಗಳಲ್ಲಿ ತಿಂಗಳುಗಟ್ಟಲೆ ಅಳತೆ ತಪ್ಪದೆ ನಡೆಯುವಂತೆ ಅದನ್ನು ಮಾಡುವುದು ಪ್ರಯೋಗಶಾಲೆಯ ಯಶಸ್ಸಿಗಿಂತ ಕಷ್ಟದ ಕೆಲಸ. ಪಾಲಿಮರ್ ಪದರ ನೀರಿನಲ್ಲಿ ಸಡಿಲಗೊಳ್ಳುವುದು, ಗೇಟ್‌ನ ಮೇಲೆ ಕೊಳೆ ಕಟ್ಟುವುದು, ಉಷ್ಣತೆಯೊಡನೆ ಅಳತೆ ಜಾರುವುದು ಇಲ್ಲಿನ ಮುಖ್ಯ ಅಡಚಣೆಗಳು.