ಗಾಳಿ ತೆಗೆದುಕೊಳ್ಳುವ ಹೊತ್ತು: ರೈಲು ಆಟಗಳ ಬ್ರೇಕ್ ಮತ್ತು ಬ್ರಗಾಂಜಾ ಘಾಟ್

ರೈಲು ಓಡಿಸುವ ಕಂಪ್ಯೂಟರ್ ಆಟಗಳಲ್ಲಿ ಬ್ರೇಕಿನ ನೈಜತೆಯನ್ನು ಅಳೆಯುವವರು ಗಾಡಿ ಎಷ್ಟು ದೂರದಲ್ಲಿ ನಿಂತಿತು ಎಂಬುದನ್ನಷ್ಟೇ ನೋಡುವುದು ವಾಡಿಕೆ. ನಿಲ್ಲುವ ದೂರ ಸರಿಯಿದ್ದೂ ಬ್ರೇಕ್ ಸುಳ್ಳಾಗಿರಬಹುದು ಎಂಬುದು ಈ ಲೇಖನದ ವಾದ. ಗಾಳಿ ತುಂಬಲು ಮತ್ತು ಬಿಡಲು ಹಿಡಿಯುವ ಹೊತ್ತನ್ನು ಆಟ ಹೇಗೆ ನಡೆಸುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಪರಿಶೀಲನೆಗೆ ದಾರಿ ಹತ್ತಿರದಲ್ಲೇ ಇದೆ. ಹುಬ್ಬಳ್ಳಿಯ ಕೇಶ್ವಾಪುರದ ಮಗ್ಗುಲಿಗೆ, ಗದಗ ರಸ್ತೆಯಲ್ಲಿ, 2003ರಲ್ಲಿ ಆರಂಭವಾದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇದೆ. ಈ ವಲಯಕ್ಕೆ ಸೇರಿದ ಕ್ಯಾಸಲ್ ರಾಕ್–ಕುಳೆ ನಡುವಿನ ಬ್ರಗಾಂಜಾ ಘಾಟಿನಲ್ಲಿ ಹಳಿ ಪ್ರತಿ 37 ಮೀಟರಿಗೆ 1 ಮೀಟರ್ ಇಳಿಯುತ್ತದೆ. ಅಂದರೆ ಗಾಡಿಯ ಪ್ರತಿ ಟನ್ ತೂಕವನ್ನು ಸುಮಾರು 27 ಕಿಲೋ ಬಲ ಕೆಳಕ್ಕೆ ಎಳೆಯುತ್ತದೆ. ಉರುಳುವಿಕೆಯ ಪ್ರತಿರೋಧಕ್ಕೆ ಮೂರು ಕಿಲೋ ಕಳೆದರೂ, ಬ್ರೇಕ್ ಪೂರ್ತಿ ಬಿಟ್ಟ ಗಾಡಿಯ ವೇಗ ಅರ್ಧ ನಿಮಿಷದಲ್ಲಿ ಗಂಟೆಗೆ 25 ಕಿ.ಮೀ.ನಷ್ಟು ಏರುತ್ತದೆ.

ನಮ್ಮ ಗಾಡಿಗಳ ಬ್ರೇಕ್ ಪೈಪಿನಲ್ಲಿ ಚದರ ಸೆಂ.ಮೀ.ಗೆ 5 ಕಿಲೋ ಒತ್ತಡವಿರುತ್ತದೆ. ಲೋಕೋ ಪೈಲಟ್ ಹಿಡಿ ತಿರುಗಿಸಿ ಈ ಒತ್ತಡ ಇಳಿಸಿದಾಗ ಪ್ರತಿ ವ್ಯಾಗನ್ನಿನ ಡಿಸ್ಟ್ರಿಬ್ಯೂಟರ್ ವಾಲ್ವ್ ಅದನ್ನು ಗ್ರಹಿಸಿ, ವ್ಯಾಗನ್ನಿನಲ್ಲೇ ಶೇಖರಿಸಿದ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಹರಿಸುತ್ತದೆ. ಪೈಪ್ ಒಯ್ಯುವುದು ಮುಖ್ಯವಾಗಿ ಆಜ್ಞೆಯನ್ನು. ಒತ್ತುವ ಬಲ ವ್ಯಾಗನ್ನಿನದೇ. ಸಿಲಿಂಡರ್ ತುಂಬಲು ಪ್ರಯಾಣಿಕರ ಬೋಗಿಗೆ 3ರಿಂದ 5 ಸೆಕೆಂಡು ಸಾಕು. ಗೂಡ್ಸ್ ವ್ಯಾಗನ್ನಿಗೆ 18ರಿಂದ 30 ಸೆಕೆಂಡು ಬೇಕು, ಬಿಡಲು 45ರಿಂದ 60. ಈ ನಿಧಾನ ಉದ್ದೇಶಪೂರ್ವಕ: ಉದ್ದದ ಗೂಡ್ಸಿನಲ್ಲಿ ಮುಂದಿನ ವ್ಯಾಗನ್ನುಗಳು ಥಟ್ಟನೆ ಹಿಡಿದರೆ, ಇನ್ನೂ ಆಜ್ಞೆ ಮುಟ್ಟದ ಹಿಂದಿನವು ಬಂದು ಗುದ್ದುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ 24 ಸೆಕೆಂಡಿಗೆ 400 ಮೀಟರ್ ಸಾಗುತ್ತದೆ; ಬ್ರೇಕ್ ಪೂರ್ಣ ಬಲಕ್ಕೆ ಬರುವ ಮೊದಲೇ ಅದರ ಬಹುಪಾಲು ಕಳೆದಿರುತ್ತದೆ. ಕೀಲಿ ಒತ್ತಿದ ತಕ್ಷಣ ಪೂರ್ತಿ ಹಿಡಿಯುವ ಆಟ ಇದನ್ನು ಮರೆಮಾಚುತ್ತದೆ, ಹಿಡಿತವನ್ನು ಸಡಿಲಗೊಳಿಸಿ ನಿಲ್ಲುವ ದೂರವನ್ನು ಮಾತ್ರ ಸರಿಹೊಂದಿಸುತ್ತದೆ. ಬಯಲಿನಲ್ಲಿ ಈ ಮೋಸ ತಿಳಿಯುವುದಿಲ್ಲ, ಘಾಟಿನಲ್ಲಿ ತಿಳಿಯುತ್ತದೆ.

ಬ್ರೇಕ್ ಬಿಡುವುದರಲ್ಲಿ ಇನ್ನೂ ದೊಡ್ಡ ಭೇದವಿದೆ. ಅಮೆರಿಕದ ಗೂಡ್ಸ್ ಪದ್ಧತಿಯಲ್ಲಿ ಬಿಡಲು ಶುರುಮಾಡಿದರೆ ಪೂರ್ತಿ ಬಿಟ್ಟಂತೆಯೇ, ನಡುವೆ ನಿಲ್ಲಿಸಲಾಗದು. ಮತ್ತೆ ಹಿಡಿಯಬೇಕಾದರೆ ವ್ಯಾಗನ್ನಿನ ಗಾಳಿ ಅಷ್ಟರಲ್ಲಿ ತುಂಬಿರಬೇಕು. ಪದೇಪದೇ ಹಿಡಿದು ಬಿಡುವವನ ಗಾಳಿ ಕರಗುತ್ತ ಹೋಗುತ್ತದೆ. ನಮ್ಮಲ್ಲಿರುವುದು ಹಂತಹಂತವಾಗಿ ಸಡಿಲಿಸುವ ಪದ್ಧತಿ. ಪೈಪಿನ ಒತ್ತಡವನ್ನು ಸ್ವಲ್ಪ ಏರಿಸಿದರೆ ಹಿಡಿತವೂ ಸ್ವಲ್ಪವೇ ಇಳಿಯುತ್ತದೆ. ಜೋಡಿ ಪೈಪಿನ ಗಾಡಿಗಳಲ್ಲಿ 6 ಕಿಲೋ ಒತ್ತಡದ ಫೀಡ್ ಪೈಪ್ ಶೇಖರಣೆಯನ್ನು ಸದಾ ತುಂಬುತ್ತಿರುತ್ತದೆ.

2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರಿನ ಕಡತಗಳನ್ನು ಓದಬಲ್ಲ ಮುಕ್ತ ತಂತ್ರಾಂಶ ಓಪನ್ ರೈಲ್ಸ್ ಇಲ್ಲಿ ಮೆಚ್ಚುವ ಕೆಲಸ ಮಾಡಿದೆ. ಒತ್ತಡ ಬೋಗಿಯಿಂದ ಬೋಗಿಗೆ ಸಾಗುವುದನ್ನು ಅದು ಲೆಕ್ಕ ಹಾಕುತ್ತದೆ. ಒಂಟಿ ಪೈಪು, ಜೋಡಿ ಪೈಪು, ನಿರ್ವಾತ ಬ್ರೇಕ್ ಮೂರನ್ನೂ ಬೇರ್ಪಡಿಸುತ್ತದೆ. ಹಂತಹಂತದ ಬಿಡುಗಡೆಗೂ ಅದರಲ್ಲಿ ಆಯ್ಕೆಯಿದೆ. ಬ್ರೇಕ್ ಗಟ್ಟಿಯ ಘರ್ಷಣೆ ವೇಗದೊಂದಿಗೆ ಬದಲಾಗುವುದನ್ನೂ ಅದರಲ್ಲಿ ನಮೂದಿಸಬಹುದು. ಎರಕದ ಕಬ್ಬಿಣದ ಗಟ್ಟಿ ಹೆಚ್ಚು ವೇಗದಲ್ಲಿ ಸೋತು, ನಿಲ್ಲುವ ಹೊತ್ತಿಗೆ ಕಚ್ಚಿಹಿಡಿಯುತ್ತದೆ; ಸಂಯುಕ್ತ ಗಟ್ಟಿಯಲ್ಲಿ ಈ ಏರಿಳಿತ ಕಡಿಮೆ. ಆದರೆ ಆಯ್ಕೆ ಇದ್ದ ಮಾತ್ರಕ್ಕೆ ಆಯಿತೆ? ಭಾರತದ ವ್ಯಾಗನ್ನಿಗೆ ಅಮೆರಿಕದ ಬಿಡುಗಡೆ ಪದ್ಧತಿ ಹೊಂದಿಸಿ ಬ್ರಗಾಂಜಾ ಇಳಿಸಿದರೆ ಆಟಗಾರ ಹೋರಾಡುವುದು ನಮ್ಮ ಲೋಕೋ ಪೈಲಟ್‌ಗೆ ಇಲ್ಲದ ಕಷ್ಟದೊಡನೆ. ಲೋಕೋ ಪೈಲಟ್, ಎಂಜಿನ್ನಿನ ಮೋಟಾರುಗಳೇ ತಡೆಯೊಡ್ಡುವ ಡೈನಮಿಕ್ ಬ್ರೇಕನ್ನು ಜೊತೆಗಿಟ್ಟುಕೊಂಡು ಗಾಳಿಯನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಏರಿಳಿಸುತ್ತಾನೆ. ಅವನ ಎಚ್ಚರವೇ ಬೇರೆ ಬಗೆಯದು: ಹೊರಟ ಮೇಲೆ ಬ್ರೇಕ್ ಸರಿಯಾಗಿ ಹಿಡಿಯುತ್ತದೆಯೇ ಎಂದು ನೋಡುವ ಬ್ರೇಕ್ ಫೀಲ್ ಟೆಸ್ಟಿನಿಂದ ಅದು ಶುರುವಾಗುತ್ತದೆ. ಆಟದಲ್ಲಿ ಈ ಪರೀಕ್ಷೆಯ ಗೊಡವೆಗೆ ಹೋಗುವವರು ಅಪರೂಪವೆಂದೇ ನನ್ನ ಅನಿಸಿಕೆ.

ಸನ್ನಿವೇಶ ರಚಿಸುವವರು ಗಮನಿಸಬೇಕಾದ ಸ್ಥಳೀಯ ವಿಷಯ ಇನ್ನೊಂದಿದೆ. ಮುರಗಾಂವ್ ಬಂದರಿನ ಕಲ್ಲಿದ್ದಲು ಹೊತ್ತ ಗೂಡ್ಸುಗಳು ಬಳ್ಳಾರಿ ಕಡೆಗೆ ಘಾಟನ್ನು ಹತ್ತುತ್ತವೆ, ಹಿಂದೆ ಬ್ಯಾಂಕರ್ ಎಂಜಿನ್ನುಗಳು ತಳ್ಳುತ್ತವೆ. ಆ ರೇಕುಗಳು ಖಾಲಿಯಾಗಿ ಮರಳುವಾಗ ಅದೇ ಘಾಟನ್ನು ಇಳಿಯುತ್ತವೆ. ಹಲವು ವ್ಯಾಗನ್ನುಗಳ ಪಕ್ಕದಲ್ಲಿ ತೂಕಕ್ಕೆ ತಕ್ಕಂತೆ ಬ್ರೇಕ್ ಬಲ ಬದಲಿಸುವ ಖಾಲಿ–ಲೋಡ್ ಹಿಡಿ ಇರುವುದು ಇದಕ್ಕಾಗಿಯೇ. ತುಂಬಿದ ವ್ಯಾಗನ್ನಿಗೆ ತಕ್ಕ ಬಲ ಖಾಲಿ ವ್ಯಾಗನ್ನಿನ ಮೇಲೆ ಬಿದ್ದರೆ ಗಾಲಿ ಕಚ್ಚಿಕೊಂಡು ಹಳಿಯ ಮೇಲೆ ಜಾರುತ್ತದೆ. ತೂಕ ಬದಲಿಸಿ ಬ್ರೇಕ್ ಬಲವನ್ನು ಹಾಗೆಯೇ ಬಿಟ್ಟ ಆಟದ ವ್ಯಾಗನ್, ಇಳಿಜಾರಿನಲ್ಲಿ ಖಾಲಿಯಿದ್ದಾಗ ನಿಜಕ್ಕಿಂತ ಚೆನ್ನಾಗಿ ನಿಲ್ಲುತ್ತದೆ.